ಬಾವಿಕಟ್ಟೆಯಿಂದ ಜಗಲಿಯವರೆಗೆ

ಕಳೆದ ವಾರ ಉಪ್ಪಳದ ಒಂದು ಹೋಟೆಲಿನಲ್ಲಿ ನನ್ನ ಮತ್ತು ತಂಗಿಯ ಮುಂದೆ ಕೊಂಕಣಿಗರ ಕಳ್ಳಿನ ಇಡ್ಲಿ, ಬಿಸಿ 'ಸಣ್ಣ' ತಂದಿಟ್ಟರು. ಹಬೆಯ ಜೊತೆಗೆ ಕಳ್ಳಿನ ಹುಳಿವಾಸನೆ ಎದ್ದಿತು. "ಟೀಚರ ಅಡುಗೆಮನೆ!" ಎಂದಳು ತಂಗಿ. ನನಗೂ ಅದೇ ನೆನಪಾಗಿತ್ತು...

ಎಂಬತ್ತರ ದಶಕದ ಕೊನೆ. ಕಾಮಾಲೆಯಿಂದ ನನಗೊಂದು ವರ್ಷ ಹಾಳಾಗಿ, ಅಕ್ಕತಂಗಿ ಇಬ್ಬರೂ ಹತ್ತನೇ ತರಗತಿಯಲ್ಲಿ ಒಟ್ಟಿಗಿದ್ದೆವು. ಇಂಗ್ಲಿಷ್ ಕಬ್ಬಿಣದ ಕಡಲೆ. ಎದುರು ಮನೆಯ, ಕೊಂಕಣಿ ಮನೆಮಾತಿನ ಟೀಚರ್ ನಮಗೆ ಅದರ ಪಾಠ ಹೇಳಿಕೊಡುತ್ತಿದ್ದರು.

ಶಾಲೆಯಲ್ಲಿ 'ರಾಮ ಶಾಮನಿಗಿಂತ ವೇಗವಾಗಿ ಓಡುತ್ತಾನೆ' ಎಂದು ಕಲಿಸುತ್ತಿದ್ದರು. ಟೀಚರ ವಾಕ್ಯಗಳಲ್ಲಿ ಶಾಮನೇ ಇರಲಿಲ್ಲ. ಬಾವಿಕಟ್ಟೆಯಿಂದ ಜಗಲಿಗೆ 'ಸ್ಲೋಲಿ' ನಡೆಯಬೇಕು, ಆಮೇಲೆ 'ಮೋರ್ ಸ್ಲೋಲಿ'. ಓಡಿ ಬಂದು 'ನಿನ್ನೆಗಿಂತ ಫಾಸ್ಟರ್' ಎನ್ನಬೇಕು. ಯಾರಾದರೂ 'ಮೋರ್ ಫಾಸ್ಟರ್' ಎಂದರೆ, "ಆ ಮೋರನ್ನು ಬಾವಿ ಹತ್ತಿರವೇ ಇಟ್ಟು ಬಾ" ಎಂದು ವಾಪಸು ಕಳಿಸುತ್ತಿದ್ದರು. ಒಬ್ಬಳು ಓಡುವಾಗ ಇನ್ನೊಬ್ಬಳು ಕೂತಿರಬೇಕು, ಒಟ್ಟಿಗೆ ಓಡುವಂತಿಲ್ಲ. ಮನೆಯಲ್ಲಿ ಮಾತೆತ್ತಿದರೆ ನಮ್ಮಿಬ್ಬರನ್ನು ತೂಗಿ ನೋಡುತ್ತಿದ್ದರು. ಹಾಗಾಗಿ ಆ ಅಂಗಳ ನನಗೆ ಇಷ್ಟವಾಗಿತ್ತು.

ಇಬ್ಬರೂ ಪಾಸಾದೆವು, ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ಅಮ್ಮನಿಗೆ ಮನೆಯಲ್ಲಿ ಒಬ್ಬಳು ಬೇಕಿತ್ತು. ಕಾಸರಗೋಡಿನ ಕಾಲೇಜಿಗೆ, ಪ್ರಿ-ಡಿಗ್ರಿಗೆ, ಒಬ್ಬಳನ್ನು ಮಾತ್ರ ಕಳಿಸುವುದೆಂದು ಅಪ್ಪ ತೀರ್ಮಾನಿಸಿ, ನಮ್ಮನ್ನೂ ಕರೆದುಕೊಂಡು ಟೀಚರ ಜಗಲಿಗೆ ಹೋದರು.

"ಇಬ್ಬರಲ್ಲಿ ಓದಿನಲ್ಲಿ ಯಾರು ಜೋರು ಟೀಚರ್? ನೀವು ಹೇಳಿದವಳನ್ನು ಕಳಿಸ್ತೇನೆ."

"ದೊಡ್ಡವಳು ಹೋದ ವರ್ಷಕ್ಕಿಂತ ಚೆನ್ನಾಗಿ ಓದ್ತಾಳೆ. ಚಿಕ್ಕವಳೂ ಹೋದ ವರ್ಷಕ್ಕಿಂತ ಚೆನ್ನಾಗಿ ಓದ್ತಾಳೆ. ಕಳಿಸುವುದಾದ್ರೆ ಇಬ್ಬರನ್ನೂ ಕಳಿಸಿ."

ಅಪ್ಪ ಎಷ್ಟು ಕೇಳಿದರೂ ಅದೇ ಉತ್ತರ. "ಎಂತ ಮಾರಾಯ್ತಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ" ಎಂದು ದಾರಿಯುದ್ದಕ್ಕೂ ಗೊಣಗಿದರು. ಕೊನೆಗೆ ಅವರೇ ನಿರ್ಧರಿಸಿದರು. ದೊಡ್ಡವಳಿಗೆ ಹೇಗೂ ಮದುವೆಯಾಗಬೇಕು, ಚಿಕ್ಕವಳು ಹೋಗಲಿ.

ನಾನು ಮರುದಿನ ಟೀಚರ ಅಡುಗೆಮನೆಗೆ ಹೋದೆ. "ನಾನೇ ಜೋರಿದ್ದದ್ದು ಅಲ್ವಾ ಟೀಚರ್? ಅಪ್ಪನ ಹತ್ತಿರ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ತಂಗಿ ಮನೆಯಲ್ಲಿ ಕೂರಬೇಕಿತ್ತು. ಅವಳನ್ನು ಬಿಟ್ಟು ನೀನು ಹೋಗ್ತಿದ್ದಿಯಾ?"

"ಹೋಗ್ತಿದ್ದೆ."

ಅವರು ಹಬೆಪಾತ್ರೆಯ ಮುಚ್ಚಳ ತೆಗೆದು, ತಟ್ಟೆಗೆ ಒಂದು ಸಣ್ಣ ಹಾಕಿ ನನ್ನ ಮುಂದೆ ಇಟ್ಟರು. ಸಿಟ್ಟಿನಲ್ಲೇ ತಿಂದೆ. ಆ ಸಿಟ್ಟು ಬಹಳ ವರ್ಷ ಉಳಿಯಿತು...

ತಂಗಿ ಊರಿನಲ್ಲೇ ಟೀಚರಾದಳು, ಈಗ ನಿವೃತ್ತಿಗೆ ಹತ್ತಿರ. ಹೋಟೆಲಿನಲ್ಲಿ ಸಣ್ಣ ಮುರಿಯುತ್ತಾ, ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದಳು. "ಅಕ್ಕ, ನಮ್ಮಿಬ್ಬರಲ್ಲಿ ನಿಜಕ್ಕೂ ಯಾರು ಜೋರಿದ್ದದ್ದು?"

ಅದು ಗೊತ್ತಿದ್ದವರು ಟೀಚರ್ ಒಬ್ಬರೇ. ಅವರು ತೀರಿಕೊಂಡು ಎಷ್ಟೋ ಮಳೆಗಾಲ ಕಳೆಯಿತು. ಟೀಚರಿಲ್ಲದ ದುಃಖ ನನಗೆ ಮೊದಲ ಸಲ ಆಯಿತು. ನಾನು ನನ್ನ ತಟ್ಟೆಯಲ್ಲಿದ್ದ ಒಂದು ಸಣ್ಣ ತೆಗೆದು ಅವಳ ತಟ್ಟೆಗೆ ಹಾಕಿದೆ.