ನಿಂತ ಮಿಷನ್ನಿಗೆ ದಿನಾ ಕಾಲು ಸುತ್ತು

ಇನ್ನೂ ಪೂರ್ತಿ ಬೆಳಕಾಗಿಲ್ಲ. ರಟ್ಟಿನ ಡಬ್ಬ ಮಾಡೋ ಕಾರ್ಖಾನೆಯ ಶಟರನ್ನ ಸೊಂಟದವರೆಗೆ ಎತ್ತಿ, ಬಗ್ಗಿ ಒಬ್ಬ ಹೆಂಗಸು ಒಳಗೆ ನುಸೀತಾಳೆ. ನರಪಿಳ್ಳೆ ಇಲ್ಲ. ಕೆಲಸ ನಿಂತು ತಿಂಗಳುಗಟ್ಟಲೆ ಆಯ್ತು. ಅಚ್ಚು ಹಾಕೋ ಮಿಷನ್ನಿನ ಹೊದಿಕೆ ಎಳೆದು, ಹಿಡಿಕೆಗೆ ಎರಡೂ ಕೈ ಕೊಟ್ಟು, "ಏಳಮ್ಮಾ, ಮಗ್ಗುಲು ಬದಲಾಯಿಸು" ಅಂತಾಳೆ. ತೋಳುದಪ್ಪದ ರಬ್ಬರ್ ಉರುಳೆ ಮುಲುಗ್ತಾ ಕಾಲು ಸುತ್ತು ತಿರುಗತ್ತೆ. ಅಂಚಿಗೊಂದು ಸೀಮೆಸುಣ್ಣದ ಗುರುತು ಎಳೆದು ಮುಂದಿನ ಉರುಳೆಗೆ ಹೋಗ್ತಾಳೆ.

ಇವಳನ್ನ ಎಲ್ರೂ ಕರೆಯೋದೇ ಸುತ್ತಕ್ಕ ಅಂತ. ಯಾಕೆ ಈ ಉಸಾಬರಿ ಅಂತೀರಾ? ರಬ್ಬರು ಒಂದೇ ಕಡೆ ಒರಗಿ ನಿಂತರೆ ಅಲ್ಲೇ ಚಪ್ಪಟೆ. ಹಿಂದೊಮ್ಮೆ ವ್ಯಾಪಾರ ಬಿದ್ದಾಗ ಬಟ್ಟೆ ಹೊದಿಸಿ ಎಲ್ರೂ ಮನೆಗೆ ಹೋಗಿದ್ರು. ಆರ್ಡರ್ ಬಂದಾಗ ನೋಡಿದ್ರೆ ಪ್ರತಿ ಡಬ್ಬದ ಮೇಲೂ ಅಡ್ಡಕ್ಕೊಂದು ಬಿಳೀ ಗೆರೆ! ಆರ್ಡರು ಕೈ ಬಿಟ್ಟು ಹೋಯ್ತು. ಈ ಸಲ ಧಣಿ ಮುಖಕ್ಕೆ ಹೊಡೆದ ಹಾಗೆ ಹೇಳಿದಾನೆ: "ಮೊದಲ ಆರ್ಡರಲ್ಲಿ ಗೆರೆ ಬಂದ್ರೆ ಮಿಷನ್ ಗುಜರಿಗೆ. ಆಮೇಲೆ ನಿಮ್ಮ ದಾರಿ ನಿಮಗೆ." ಅದಕ್ಕೇ ಅರ್ಧ ಸಂಬಳಕ್ಕೆ ಈ ಸುತ್ತು. ಇದಾದ ಮೇಲೆ ಹೋಟೆಲಲ್ಲಿ ಈರುಳ್ಳಿ ಹೆಚ್ಚೋ ಕೆಲಸ.

ಕೆಲಸ ನಿಂತದ್ದಾದ್ರೂ ಹೇಗೆ? ಒಳ್ಳೇ ಕಾಲ ಬಂತು. ಶೂ ಕಂಪನಿಯೋರು ಇದು ಹೀಗೇ ಇರತ್ತೆ ಅಂದ್ಕೊಂಡು ಸೂರು ಮುಟ್ಟೋ ಹಾಗೆ ಶೂ ಮಾಡಿಟ್ರು. ಅವರಿಗೆ ಡಬ್ಬ ಕೊಡೋ ಧಣಿ ಹುರುಪಲ್ಲಿ ಎರಡನೇ ಮಿಷನ್ ತಂದ. ಮಾರಾಟ ಒಂಚೂರು ಕುಗ್ಗಿತು ನೋಡಿ, ಗೋಡೌನ್ ತುಂಬಿದೆ ಅಂತ ಅವರು ಕೈ ಕಟ್ಟಿ ಕೂತ್ರು. ಶೂ ಇಲ್ಲ ಅಂದ್ಮೇಲೆ ಡಬ್ಬ ಯಾರಿಗೆ? ಸಂಬಳ ನಿಂತಿದ್ದೇ ಇಡೀ ಬೀದಿ ಕೈ ಬಿಗಿ ಹಿಡೀತು. ಒಬ್ಬೊಬ್ರೂ ಮಾಡಿದ್ದು ಜಾಣತನಾನೇ. ಎಲ್ರೂ ಒಟ್ಟಿಗೆ ಮಾಡಿದ್ರು, ಅದೇ ಎಡವಟ್ಟು.

ಸುತ್ತಕ್ಕನ ಗಂಡ ಅದೇ ಶೂ ಕಂಪನೀಲಿ ಅಟ್ಟೆ ಅಂಟಿಸೋನು. ಅವನೂ ಮನೇಲೇ, ಕಾಲಲ್ಲಿ ತಳ ಹರಿದ ಹಳೇ ಶೂ. "ಶೂ ಮಾಡೋರು ಕಣ್ರೀ ಇವರು. ತಳ ನೋಡಿ, ನಮ್ಮ ರಟ್ಟು ತುರುಕಿದಾರೆ!" ಅಂತ ಅವಳು ನಗ್ತಾಳೆ.

"ಕೆಲಸ ಬರಲಿ, ಹೊಸದು ಕೊಳ್ತೀನಿ" ಅಂತಾನೆ ಗಂಡ.

"ನೀವು ಕೊಂಡ್ರೆ ತಾನೇ ಕೆಲಸ ಬರೋದು!"

"ನಾನೊಬ್ಬ ಕೊಂಡ್ರೆ ಬಂದ್ಬಿಡತ್ತೇನೆ?"

"ಬೀದೀಲಿ ಎಲ್ರೂ ಹಂಗೇ ಅಂತಾ ಕೂತಿದಾರೆ."

ಆದ್ರೆ ಹರಿದದ್ದನ್ನ ಎಷ್ಟು ದಿನ ಎಳೀತಾರೆ? ನೀರು ಒಳಗೆ ನುಗ್ಗಿದ ಮೇಲೆ ಜನ ಬೈಕೊಂಡೇ ಅಂಗಡಿಗೆ ಹೋಗ್ತಾರೆ. ಗೋಡೌನ್ ಬರಿದಾಗತ್ತೆ. ಒಂದಿನ ಪುಟ್ಟದೊಂದು ಆರ್ಡರ್ ಬಂದೇಬಿಡತ್ತೆ.

ಮಿಷನ್ ಶುರು ಮಾಡೋವಾಗ ಸುತ್ತಕ್ಕ ಕಣ್ಣು ಮುಚ್ಚಿ ಕಿವಿ ಕೊಟ್ಟು ನಿಂತಿರ್ತಾಳೆ. ಉರುಳೆ ಚಪ್ಪಟೆ ಆಗಿದ್ರೆ ಧಬ್ ಧಬ್ ಅನ್ನತ್ತೆ. ಅನ್ನಲಿಲ್ಲ. ಧಣಿ ಮೊದಲ ಡಬ್ಬನ ಬೆಳಕಿಗೆ ಹಿಡಿದು, ಓರೆ ಮಾಡಿ, ಮತ್ತೆ ಹಿಡಿದು, "ಹೂಂ, ನಡೀಲಿ" ಅಂತಾನೆ. ಅಷ್ಟೇ. ಅವಳಿಗೆ ಅಷ್ಟೇ ಸಾಕು.

ಗಂಡನಿಗೂ ಕರೆ ಬಂದಿದೆ. ಮೊದಲ ಸಂಬಳದಲ್ಲಿ ಕೊಂಡ ಹೊಸ ಶೂ ಹಾಕಿ ಎದುರಿಗೆ ನಿಂತಿದಾನೆ. ಇವಳು ಆ ಶೂ ಬಂದ ಡಬ್ಬದ ಮೇಲೆ ಹೆಬ್ಬೆರಳು ಸವರ್ತಾ ಕೂತಿದಾಳೆ.

"ಕಾಲು ನೋಡೇ!"

"ತಡೀರಿ. ಒಂದು ಗೆರೆ ಇಲ್ಲ ನೋಡಿ ಇದರಲ್ಲಿ."

ಎರಡನೇ ಮಿಷನ್ ಇನ್ನೂ ನಿಂತೇ ಇದೆ. ಬೆಳಗಿನ ಸುತ್ತು ಈಗ ಅದಕ್ಕೆ ಮಾತ್ರ. "ಅದಕ್ಕೂ ಕೆಲಸ ಸಿಕ್ಕಿದ್ರೆ, ಒಂದಿನ ಬಿಸಿಲು ಬೀಳೋವರೆಗೂ ಮಲಗ್ಬೇಕು ನೋಡಿ" ಅಂತಾಳೆ ಸುತ್ತಕ್ಕ.

"ಮಲ್ಕೋ," ಅಂತಾನೆ ಗಂಡ, ಶೂ ಲೇಸ್ ಕಟ್ತಾ. "ಅದರ ಮಗ್ಗುಲು ನಾನು ಬದಲಾಯಿಸ್ತೀನಿ."