ಗೇರು ಮರಕ್ಕೆ ತೂಗಿದ ಗೇರು ಸೈಕಲ್ಲು

ಸೀಮೆಎಣ್ಣೆಯ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ. ಕೆಲವರಿಗೆ ಸ್ಟೋವು, ಕೆಲವರಿಗೆ ಕರೆಂಟು ಹೋದ ಸಂಜೆ. ನನಗೆ ಮಾತ್ರ ನಮ್ಮ ಅತ್ತೆ ಶಾವಂತ್ರವ್ವ ನೆನಪಾಗುತ್ತಾರೆ. ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಕುಳಿತು ಸೀಮೆಎಣ್ಣೆಯ ಚಿಂದಿಯಿಂದ ಸೈಕಲ್ಲಿನ ಚೈನು ಒರೆಸುತ್ತಿದ್ದೆ. ಮಳೆ ಶುರುವಾದ ಮೇಲೆ ಇಲ್ಲಿನ ಕೆಂಪು ಮಣ್ಣು ಎಲ್ಲಿ ಬೇಕಾದರೂ ನುಗ್ಗುತ್ತದೆ. ನಾಲ್ಕು ದಿನ ಬಿಟ್ಟರೆ ಚೈನು ಹಪ್ಪಳ ಮುರಿದಂತೆ ಸದ್ದು ಮಾಡುತ್ತದೆ. ಅತ್ತೆ ಈಗ ಮುದ್ದೇಬಿಹಾಳದ ಕಡೆ, ಮಗಳ ಬಾಣಂತನಕ್ಕೆ ಹೋಗಿದ್ದಾರೆ. ಆದರೂ ಬೆನ್ನ ಹಿಂದೆ ಯಾರೋ ಕುಕ್ಕರಗಾಲಲ್ಲಿ ಕುಳಿತಿದ್ದಾರೆ ಅನಿಸಿತು.

ಆಗ ನಾನು ಇಲ್ಲಿ ಮಡ್ಕಯಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಗಂಡನಿಗೆ ಬಂದರಿನಲ್ಲಿ ಕೆಲಸ, ಬಿಡುವಾದಾಗ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ನಮ್ಮ ಬಾಡಿಗೆ ಕೋಣೆ ಗುಡ್ಡದ ಕೆಳಗೆ, ಫ್ಯಾಕ್ಟರಿ ಗುಡ್ಡದ ಮೇಲೆ. ನಳದಲ್ಲಿ ನೀರು ಬರುವುದು ಆರಕ್ಕೆ, ಫ್ಯಾಕ್ಟರಿಯ ಗೇಟು ಮುಚ್ಚುವುದು ಏಳಕ್ಕೆ. ಕೊಡ ತುಂಬಿಸಿಟ್ಟು ಓಡಿದರೂ ಏರು ಹತ್ತುವಷ್ಟರಲ್ಲಿ ಗೇಟು ಮುಚ್ಚಿರುತ್ತಿತ್ತು. ಮುಚ್ಚಿದರೆ ಆ ದಿನದ ಪಗಾರ ಹೋದಂತೆ. ಇನ್ನೊಂದು ಸಲ ತಡವಾದರೆ ನಿನ್ನ ಜಾಗಕ್ಕೆ ಬೇರೆಯವಳು ಬರುತ್ತಾಳೆ ಎಂದು ಕಾಂಟ್ರಾಕ್ಟರು ಹೇಳಿಯೂ ಬಿಟ್ಟಿದ್ದ.

ಇಂಥ ಹೊತ್ತಿನಲ್ಲಿ ಸೈಕಲ್ಲು ನಮ್ಮ ಕೈಗೆ ಬಂತು. ನಾವೆಲ್ಲ 'ಬಾಯಿ' ಎಂದು ಕರೆಯುವ ಮನೆಯ ಮಾಲಕಿಗೆ ಸಕ್ಕರೆ ಕಾಯಿಲೆ. ಡಾಕ್ಟರರು ವ್ಯಾಯಾಮ ಮಾಡಿ ಎಂದಾಗ ಆಕೆ ನಡೆಯುವ ಬದಲು ದಪ್ಪ ಟೈರಿನ, ಹಿಂದೆ ಏಳು ಹಲ್ಲುಚಕ್ರವಿರುವ ಗುಡ್ಡ ಹತ್ತುವ ಸೈಕಲ್ಲನ್ನೇ ಕೊಂಡಿದ್ದರು. ಎರಡನೆಯ ಸವಾರಿ ಕೋಳಿಗೂಡಿನಲ್ಲಿ ಮುಗಿಯಿತು. ಆಮೇಲೆ ಅದು ಹೊರಗೆ ಎರಡು ಮಳೆಗಾಲ ನೆನೆಯುತ್ತ ನಿಂತಿತ್ತು. ನಾನು ಆಸೆಯಿಂದ ನೋಡುವುದನ್ನು ಕಂಡು ಬಾಯಿ ಒಂದು ದಿನ, "ವ್ಹರ್ ಗೋ," ಎಂದರು. ತೊಗೊಂಡು ಹೋಗೇ ಎಂದು. ಕೊಂಕಣಿಯಲ್ಲಿ ಅಷ್ಟು ಸಿಹಿಯಾದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಊರಲ್ಲಿ ಅಣ್ಣನ ಸೈಕಲ್ಲು ಕದ್ದು ಹೊಡೆದವಳು ನಾನು, ಆದ್ದರಿಂದ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಮೊದಲ ದಿನವೇ ರಾಣಿಯಂತೆ ಹೊರಟೆ. ಏರು ಬಂತು, ಹಿಡಿಕೆಯ ಮೇಲಿನ ಗೇರಿನ ಗುಂಡಿ ಒತ್ತಿದೆ. ತುಳಿತ ಹಗುರ ಆಗುವ ದೊಡ್ಡ ಹಲ್ಲುಚಕ್ರಕ್ಕೆ ಚೈನು ಹತ್ತಬೇಕು ತಾನೆ? ಅದು ಅರ್ಧ ಹತ್ತಿತು, ಯೋಚಿಸಿತು, ದಡಕ್ಕನೆ ಜಾರಿತು. ಪೆಡಲು ಗಾಳಿಯಲ್ಲಿ ತಿರುಗಿ ನನ್ನ ಮೊಣಕಾಲಿಗೇ ಹೊಡೆಯಿತು. ಕೊನೆಗೆ ಇಳಿದು, ನಡೆದು ಹೋಗುತ್ತಿದ್ದಾಗ ಇರದಿದ್ದ ಒಂದು ಭಾರವನ್ನೂ ತಳ್ಳಿಕೊಂಡು ಗುಡ್ಡ ಹತ್ತಿದೆ. ವಾಚ್‌ಮನ್ ಕನಿಕರಪಟ್ಟು ಒಳಗೆ ಬಿಟ್ಟ.

ಸಂಜೆ ಸೈಕಲ್ ಅಂಗಡಿಯವನಿಗೆ ತೋರಿಸಿದೆ. ಗೇರೆಂದರೆ ತಲೆನೋವು, ನಡುವಿನ ಒಂದೇ ಚಕ್ರಕ್ಕೆ ಕಟ್ಟಿಬಿಡುತ್ತೇನೆ, ಹೆಂಗಸರಿಗೆ ಅದೇ ಚಲೋ ಎಂದ. ನಾನು ಒಪ್ಪುವವಳೇ ಇದ್ದೆ. ಮನೆಗೆ ಬಂದು ಹೇಳಿದಾಗ ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. ಸೈಕಲ್ಲು ಮಾರಿಬಿಡು ಎಂದು ಬೆಳಿಗ್ಗೆ ಅಂದವರೂ ಅವರೇ.

"ಏಳು ಚಕ್ರ ಇಟ್ಕೊಂಡು ಒಂದರಾಗ ತಿರಗೂದಾದ್ರ ಉಳಿದ ಆರು ಎದಕ್ಕ? ಶೋಕಿಗೇನು? ಬಿಚ್ಚಿ ನೋಡೂಣು, ಐತಾರ ಬರ್ಲಿ."

ಬಿಚ್ಚುವುದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಊಟದ ಬಿಡುವಿನಲ್ಲಿ ಫೋನಿನಲ್ಲಿ ಹಿಂದಿಯ ವಿಡಿಯೋ ನೋಡುತ್ತ ನಾನು ಅರ್ಧ ಮೆಕ್ಯಾನಿಕ್ ಆದೆ. ಅಥವಾ ಹಾಗೆಂದು ತಿಳಿದುಕೊಂಡೆ. ಐತವಾರ ಬಾಯಿಯ ಗೇರು ಮರದ ಕೊಂಬೆಗೆ ಅತ್ತೆಯ ಹಳೆಯ ಇಳಕಲ್ಲ ಸೀರೆ ಕಟ್ಟಿ, ಸೈಕಲ್ಲನ್ನು ತೊಟ್ಟಿಲಿನಂತೆ ತೂಗುಹಾಕಿದೆವು. ಹಿಂದಿನ ಗಾಲಿ ನೆಲ ಬಿಟ್ಟು ನಿಂತಿತು. ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ ಹಿಡಿದು ಅತ್ತೆ ಚಕ್ರಗಳನ್ನು ಉಜ್ಜಿದರು. ಕೂಸಿಗೆ ಎರೆಯುವಾಗ ಕಿವಿಯ ಹಿಂದೆ ಉಜ್ಜುತ್ತಾರಲ್ಲ, ಹಾಗೆ.

ರೋಗ ಇದ್ದದ್ದು ಹಲ್ಲಿನಲ್ಲಲ್ಲ, ನರದಲ್ಲಿ. ಹಿಡಿಕೆಯ ಗುಂಡಿಯಿಂದ ಹಿಂದಿನ ಗಾಲಿಯವರೆಗೆ ಹೋಗುವ ತಂತಿಯನ್ನು ಎಳೆದರೆ ಬರಲೊಲ್ಲದು. ಇಬ್ಬರೂ ಸೇರಿ ಜಗ್ಗಿದಾಗ ತುಕ್ಕು ಹಿಡಿದ ತಂತಿ ಹೊರಬಂತು, ಹಿಂದೆಯೇ ಅದರ ಹೊದಿಕೆಯ ಕೊಳವೆಯಿಂದ ಕೆಂಪು ಮಣ್ಣು ಉದುರಿತು. ಬಸ್ಸಿನಲ್ಲಿ ಫೋಂಡಾ ಪೇಟೆಗೆ ಹೋಗಿ ಹೊಸ ತಂತಿ, ಕೊಳವೆ ತಂದೆ. ತಂತಿಯಿಲ್ಲದಾಗ ಚೈನು ತಾನಾಗಿಯೇ ಅತಿ ಸಣ್ಣ ಚಕ್ರಕ್ಕೆ ಇಳಿದು ಕೂತಿತ್ತು. ಅಲ್ಲಿಂದಲೇ ಹೊಸ ತಂತಿ ಬಿಗಿದು ಗುಂಡಿ ಒತ್ತಿದೆ. ಅತ್ತೆ ಪೆಡಲು ಕೈಯಿಂದ ತಿರುಗಿಸುತ್ತಿದ್ದರು. ಎರಡನೆಯ ಚಕ್ರಕ್ಕೆ ಚೈನು ಹತ್ತಲಿಲ್ಲ. ತಂತಿಯ ತುದಿಯಲ್ಲಿ ಬೆರಳ ಹಿಡಿತದ ಒಂದು ಪುಟ್ಟ ಬಿರಡೆ ಇದೆ. ಅದನ್ನು ಹೊರಕ್ಕೆ ತಿರುಗಿಸಿದರೆ ತಂತಿ ಬಿಗಿಯುತ್ತದೆ. ನಾನು ಉತ್ಸಾಹದಲ್ಲಿ ಜಾಸ್ತಿ ತಿರುಗಿಸಿದೆ, ಚೈನು ಎರಡು ಮೆಟ್ಟಿಲು ಒಮ್ಮೆಲೇ ಹಾರಿತು.

"ಸಾವಕಾಶ. ಉಪ್ಪು ಹಾಕಿದಂಗ ಹಾಕು," ಎಂದರು ಅತ್ತೆ.

ಚಿಟಿಕೆ ಬಿಗಿ, ಚಿಟಿಕೆ ಸಡಿಲ. ಕರಕರ ಅನ್ನುತ್ತಿದ್ದ ಸದ್ದು ಕಿರಿಕಿರಿಯಾಯಿತು, ಕಿರಿಕಿರಿ ಸಣ್ಣಗಾಯಿತು, ಆಮೇಲೆ ಇಲ್ಲವೇ ಆಯಿತು. ಚೈನು ಒಂದೊಂದೇ ಮೆಟ್ಟಿಲು ಹತ್ತಿ ದೊಡ್ಡ ಚಕ್ರದಲ್ಲಿ ನಿಂತಿತು. ಅದರಾಚೆ ಜಾರಿ ಕಡ್ಡಿಗಳೊಳಗೆ ಬೀಳದಂತೆ ತಡೆಯುವ ತಿರುಪನ್ನೂ ಸರಿಮಾಡಿದೆ. ಅತ್ತೆ ಪೆಡಲು ಬಿಡಲೇ ಇಲ್ಲ. ಮೇಲೆ ಒತ್ತು, ಕೆಳಗೆ ಒತ್ತು ಎನ್ನುತ್ತ ಜೋಕಾಲಿ ಸಿಕ್ಕ ಹುಡುಗಿಯ ಹಾಗೆ ತಿರುಗಿಸಿಯೇ ತಿರುಗಿಸಿದರು.

ಸೋಮವಾರ ಏರಿನ ಬುಡಕ್ಕೆ ಬಂದೆ. ಗುಂಡಿ ಒತ್ತಿದೆ. ಟಕ್. ಇನ್ನೊಂದು, ಟಕ್. ಚೈನು ದೊಡ್ಡ ಚಕ್ರಕ್ಕೆ ಹತ್ತಿ ಅಲ್ಲಿಯೇ ನಿಂತಿತು, ಕಾಲಿಗೆ ಗುಡ್ಡ ಹಗುರಾಯಿತು. ವೇಗವೇನೂ ಇರಲಿಲ್ಲ, ಸುಳ್ಳು ಹೇಳಬಾರದು. ಒಂದು ಎಮ್ಮೆ ಸ್ವಲ್ಪ ದೂರ ನನಗೆ ಸರಿಸಮ ನಡೆಯಿತು. ಆದರೆ ಇಳಿಯಲಿಲ್ಲ. ತಿರುವಿನಲ್ಲಿ ಇಳಿಯಲಿಲ್ಲ, ಕೊನೆಯ ಕಡಿದಾದ ತುಂಡಿನಲ್ಲೂ ಇಳಿಯಲಿಲ್ಲ. ಗೇಟಿನ ಮುಂದೆ ಕಾಲೂರಿದಾಗ ವಾಚ್‌ಮನ್ ಇನ್ನೂ ಚಹಾ ಕುಡಿಯುತ್ತಿದ್ದ. ಒಬ್ಬಳೇ ಬೆವರೊರೆಸುತ್ತ ನಕ್ಕೆ.

ಸಂಜೆ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಇಳದೇನು?"

"ಇಲ್ಲರಿ ಅತ್ತಿ. ಕುಂತs ಹೋದೆ."

ಸೆರಗು ಹೊದ್ದು ಹೊರಗೆ ಹೋದ ಅತ್ತೆ ಚಾಳಿನ ಬಾಡಿಗೆ ಕೋಣೆಗಳ ಪ್ರತಿಯೊಂದು ಬಾಗಿಲಿಗೂ ಸುದ್ದಿ ಮುಟ್ಟಿಸಿ, ಊಟದ ಹೊತ್ತಿಗೆ ಮರಳಿದರು.

ಚೈನು ಒರೆಸಿ ಮುಗಿಸಿ ಇವತ್ತೂ ಗುಡ್ಡ ಹತ್ತಿದೆ. ಆದರೆ ಡಬ್ಬಿ ತುಂಬುವ ಸಾಲಿಗೆ ಹೋಗಲಿಲ್ಲ. ಪೆಟ್ಟಿಗೆ ಮುಚ್ಚುವ ಯಂತ್ರದ ಬೆಲ್ಟಿನ ಪಟ್ಟಿ ವಾರದಿಂದ ಓರೆ ಓಡಿ ಸಿಕ್ಕಿಕೊಳ್ಳುತ್ತಿತ್ತು. ನಾನು ನೋಡಲೇನು ಎಂದು ಮೊನ್ನೆ ಕೇಳಿದಾಗ ಸೂಪರ್‌ವೈಸರು ನಕ್ಕಿದ್ದರು. ನಿನ್ನೆ ಬೇರೆ ದಾರಿ ಕಾಣದೆ ಕರೆದರು. ಖಾಲಿ ಓಡಿಸಿ ಸದ್ದು ಕೇಳಿದೆ, ತಿರುಪನ್ನು ಚಿಟಿಕೆಯಷ್ಟೇ ತಿರುಗಿಸಿದೆ, ಮತ್ತೆ ಕೇಳಿದೆ. ಪಟ್ಟಿ ನೆಟ್ಟಗಾಯಿತು. ಇವತ್ತಿನಿಂದ ಆ ಯಂತ್ರ ನನ್ನದು. ಈ ಫ್ಯಾಕ್ಟರಿಯಲ್ಲಿ ಯಂತ್ರದ ಮುಂದೆ ನಿಂತ ಮೊದಲ ಹೆಂಗಸು ನಾನೇ.

ಮಧ್ಯಾಹ್ನ ಅತ್ತೆಗೆ ಫೋನು ಮಾಡಿ, ಯಂತ್ರವನ್ನು ನನ್ನ ಕೈಗೆ ಕೊಟ್ಟರು ಎಂದು ಹೇಳಿದೆ. ಆಚೆ ಕೂಸು ಅಳುತ್ತಿತ್ತು. ಅತ್ತೆ ಕೇಳಿದರು:

"ಇಷ್ಟ ತಡಾ ಯಾಕ ಮಾಡಿದ್ರವರು?"