ಕೂರಲಾರದ ಮಾಸ್ತರರ ಪಾದ

ನಿವೃತ್ತಿಗೆ ಮುಂಚಿನ ಬೇಸಿಗೆಯಲ್ಲಿ ನಾನು ಚಿತ್ತಾಪುರ ಭಾಗದ ಒಂದು ಆಸ್ಪತ್ರೆಯಲ್ಲಿ ಡ್ರೆಸಿಂಗ್ ಕೋಣೆಯ ಉಸ್ತುವಾರಿ ನರ್ಸ್ ಆಗಿದ್ದೆ. ಟ್ರೇ ಸಿದ್ಧವಾಗುವ ಮೊದಲು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಕಾದಂಬರಿ ಓದುತ್ತಿದ್ದೆ, ಅದನ್ನೂ ತಪ್ಪಿಸುತ್ತಿರಲಿಲ್ಲ. "ಇಷ್ಟೊತ್ತು ಒಂದು ರೌಂಡ್ ಅಡ್ಡಾಡಿ ಬಂದಿದ್ರ ಮೈಗರ ಛಲೋ ಆಗ್ತಿತ್ತಲ್ರಿ ಸಿಸ್ಟರ್" ಎನ್ನುವವರು ಯಾವಾಗಲೂ ಇದ್ದರು. ಅವರ ಮೇಲೆ ನನಗೆ ಗೌರವ ಇದ್ದದ್ದೇ ಅಷ್ಟಕ್ಕಷ್ಟೆ. ಅದೂ ಬಸವಂತಪ್ಪ ಮಾಸ್ತರರ ಪ್ರಕರಣದಲ್ಲಿ ಹೋಯಿತು.

ಮಾಸ್ತರರು ವಾಡಿಯವರು, ನಿವೃತ್ತ ಪಿ.ಟಿ. ಶಿಕ್ಷಕರು, ಬೆಳಗಿನ ವಾಕಿಂಗ್ ಗುಂಪಿನ ಮುಖಂಡರು. ಸಕ್ಕರೆ ಕಾಯಿಲೆ ಹಳೆಯದು. ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ರಕ್ತ ಚೆನ್ನಾಗಿ ಓಡುತ್ತದೆಂದು ಎಲ್ಲೋ ಕೇಳಿದ್ದರಂತೆ. ಒಂದು ಮಧ್ಯಾಹ್ನ ಗೆಳೆಯರನ್ನು ಮನೆಯ ಮಾಳಿಗೆಗೆ ಕರೆದು ಪಂದ್ಯ ಕಟ್ಟಿದರು. ಮಾಳಿಗೆಗೆ ಹಾಸಿದ್ದು ಶಹಾಬಾದ ಫರಸಿ. ನಮ್ಮ ಕಡೆಯ ಬಿಸಿಲಿಗೆ ಆ ಕಲ್ಲು ರೊಟ್ಟಿ ಬೇಯುವಷ್ಟು ಕಾಯುತ್ತದೆ. ಗೆಳೆಯರು ಕುಣಿಯುತ್ತ ನೆರಳಿಗೆ ಓಡಿದರು. ಮಾಸ್ತರರು ಮಾತ್ರ ಕೈ ಬೀಸಿಕೊಂಡು ಸುತ್ತು ಹಾಕಿ ಚಪ್ಪಾಳೆ ಗಿಟ್ಟಿಸಿದರು.

ಕೆಲವು ದಿನ ಕಳೆದ ಮೇಲೆ ಕಾಲುಚೀಲದ ವಾಸನೆ ತಾಳದೆ ಹೆಂಡತಿ ನೀಲಮ್ಮ ಅವರನ್ನು ಕರೆತಂದರು. ಬಲ ಅಂಗಾಲಿನ ಚರ್ಮ ಸುಲಿದು ಒಳಗೆ ಕೀವಾಗಿತ್ತು.

"ನೋವೇ ಇಲ್ರಿ ಸಿಸ್ಟರ್. ಸಾಧನಾ ಅಂದ್ರ ಹೀಂಗಿರಬೇಕು."

"ಸಾಧನಾ ಅಲ್ರಿ ಮಾಸ್ತರ್, ಕಾಲಿನ ನರ ಸತ್ತಾವ," ಎಂದೆ.

ಇದಕ್ಕೆ ನ್ಯೂರೋಪತಿ ಎನ್ನುತ್ತೇವೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುತ್ತದೆ, ಸುಟ್ಟರೂ ತಿಳಿಯದು. ಚಿಕಿತ್ಸೆಯ ಮುಖ್ಯ ಭಾಗ ಆಫ್‌ಲೋಡಿಂಗ್, ಅಂದರೆ ಗಾಯದ ಪಾದದ ಮೇಲೆ ಮೈಭಾರ ಬೀಳಿಸದಿರುವುದು. ಸರ್ಜನ್ ನೇರವಾಗಿಯೇ ಹೇಳಿದರು: "ಹಾಸಿಗಿ ಬಿಟ್ಟು ಏಳಬ್ಯಾಡ್ರಿ. ಕೀವು ಎಲುಬಿಗೆ ಇಳೀತಂದ್ರ ಪಾದ ತೆಗೀಬೇಕಾಗ್ತದ."

"ಮಲ್ಕೊಂಡು ಏನ್ ಮಾಡ್ಲಿ? ಇಕಿ ಹಾಂಗ ಪುಸ್ತಕ ಹಿಡ್ಕೊಂಡು ಕುಂದ್ರಲೇನು? ಕೆಲಸಿಲ್ಲದೋರ ಕೆಲಸ ಅದು!"

ನೀಲಮ್ಮನ ಕೈಚೀಲದಲ್ಲಿ ಗ್ರಂಥಾಲಯದ ದಪ್ಪ ಕಾದಂಬರಿಯೊಂದು ಇಣುಕುತ್ತಿತ್ತು. ಅವರು ಅದನ್ನು ಒಳಗೆ ತಳ್ಳಿದರು.

ಮುಂದಿನ ಸಲ ಬಂದಾಗ ಬ್ಯಾಂಡೇಜಿನ ತಳ ಮಣ್ಣು ಮೆತ್ತಿ ಕಪ್ಪಾಗಿತ್ತು. "ಅಂಗಳದಾಗ ನಾಕು ಹೆಜ್ಜಿ ಅಷ್ಟರಿ," ಎಂದರು. ವಾಕಿಂಗ್ ಗುಂಪಿನವರು ಮನೆಗೇ ಬಂದು, "ಏಳ್ರಿ ಮಾಸ್ತರ್, ಮಲಗಿದ್ರ ಜಂಗ್ ಹಿಡಿತದ" ಎಂದು ಎಬ್ಬಿಸಿದ್ದರಂತೆ. ಮನುಷ್ಯನನ್ನು ತುಕ್ಕು ಹಿಡಿಯುವ ತಗಡಿನ ಡಬ್ಬಿ ಎಂದು ತಿಳಿದವರಿಗೆ ನಾನೇನು ಹೇಳಲಿ? ಗಾಯ ಅಗಲವಾಗಿತ್ತು. ಮುಂದಿನ ವಾರವೂ ಹೀಗೇ ಇದ್ದರೆ ಪಾದ ಕತ್ತರಿಸಲು ಕಲಬುರಗಿಗೆ ಕಳಿಸುವುದೆಂದು ಸರ್ಜನ್ ತೀರ್ಮಾನಿಸಿದರು.

ಆ ವಾರ ಬ್ಯಾಂಡೇಜು ಬೆಳ್ಳಗೇ ಬಂತು. ನಾನು ನೀಲಮ್ಮನ ಮುಖ ನೋಡಿದೆ.

"ಒಂದು ಹಿಕ್ಮತ್ ಮಾಡೀನ್ರಿ ಸಿಸ್ಟರ್. ಇವರ ಮಂಚದ ಬಾಜೂಕ ಕುಂತು ಕಾದಂಬರಿ ಓದ್ಕೋತ ನಕ್ಕೆ. 'ಏನ್ ನಗ್ತಿ?' ಅಂದ್ರು. 'ಕಾಲು ದಿಂಬಿನ ಮ್ಯಾಲಿಡ್ರಿ, ದಿನಾ ನಾಕು ಹಾಳಿ ಜೋರಾಗಿ ಓದ್ತೀನಿ' ಅಂದೆ. ಕಾಲು ಕೆಳಗಿಟ್ರಂದ್ರ ಪುಸ್ತಕ ಬಂದ್!"

ಕತೆ ಒಂದು ಎಮ್ಮೆಗಾಗಿ ಜಗಳವಾಡುವ ಇಬ್ಬರು ನೆಗೆಣ್ಣಿಯರದು, ಒಂದೇ ಮನೆಯ ಸೊಸೆಯರದು. ನಾನು ಸತ್ತ ಚರ್ಮ ಕತ್ತರಿಸುತ್ತಿದ್ದಾಗಲೇ ಮಾಸ್ತರರು ತಲೆಯೆತ್ತಿ, "ಆ ದೊಡ್ಡಾಕಿ ಭಾಳ ಖಿಲಾಡಿ ಅದಾಳ್ರಿ, ಎಮ್ಮಿ ಬಿಟ್ಟುಕೊಡಂಗಿಲ್ಲ" ಎಂದರು. ಯಾರ ಎಮ್ಮೆ, ಯಾತರ ಜಗಳ! ಆ ಮನುಷ್ಯನ ಪಾದ ಉಳಿಯುವುದು ಆ ಎಮ್ಮೆಯ ಮೇಲೆ ನಿಂತಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಗಾಯ ಮುಚ್ಚಿತು. ಮೆತ್ತನೆಯ ಅಟ್ಟೆಯ ಚಪ್ಪಲಿ ಬರೆದುಕೊಟ್ಟೆವು. ಕೊನೆಯ ಭೇಟಿಗೆ ಮಾಸ್ತರರು ಗೆಳೆಯರನ್ನೂ ಕರೆತಂದಿದ್ದರು. ಅವರಿಗೆ ಕೇಳಿಸುವಂತೆ, "ಕಸರತ್ತಿನ ಮೈ ರಿ ಇದು! ಅದಕ್ಕೇ ಮಾಯ್ತು" ಎಂದರು. ಗೆಳೆಯರು ತಲೆಯಾಡಿಸಿದರು. ಉಪಕಾರ ಮರೆಯುವುದರಲ್ಲಿ ಇಂಥವರ ಚಟುವಟಿಕೆಗೆ ಸಾಟಿಯಿಲ್ಲ.

ಗೆಳೆಯರು ಹೊರಗೆ ಹೋದ ಮೇಲೆ ಮಾಸ್ತರರು ದನಿ ತಗ್ಗಿಸಿ ಹೆಂಡತಿಯನ್ನು ಕೇಳಿದರು: "ಇನ್ನಾ ನಾಕು ಹಾಳಿ ಉಳದಾವಲ್ಲ, ಇವತ್ತು ಓದ್ತೀಯಿಲ್ಲ? ಎಮ್ಮಿ ಯಾರ ಪಾಲಾತು?"

ನೀಲಮ್ಮ ಕೈಚೀಲ ಹೆಗಲಿಗೇರಿಸಿದರು. "ಕಾಲು ನೆಟ್ಟಗಾತಲ್ರಿ. ಗ್ರಂಥಾಲಯ ತನಕ ನಡಕೋತ ಹೋಗ್ರಿ, ತಂದು ಓದ್ಕೊರ್ರಿ. ನಾ ನಿನ್ನೇನೇ ವಾಪಸ್ ಕೊಟ್ಟೀನಿ."

ಕತೆ ಓದಿದರೆ ಗಾಯ ಮಾಯುತ್ತದೆಂದು ನಾನು ಹೇಳುತ್ತಿಲ್ಲ. ಗಾಯ ಮಾಯಿಸಿದ್ದು ಔಷಧ ಮತ್ತು ವಿಶ್ರಾಂತಿ. ಆದರೆ ವಿಶ್ರಾಂತಿಯನ್ನು ಚೀಟಿಯಲ್ಲಿ ಬರೆಯಬಹುದೇ ಹೊರತು ಸಿರಿಂಜಿನಲ್ಲಿ ತುಂಬಿ ಚುಚ್ಚಲಾಗದು. ನೀಲಮ್ಮ ಓದುತ್ತಿದ್ದದ್ದು ಯಾರ ಕಾಲಿಗಾಗಿಯೂ ಅಲ್ಲ, ತನ್ನ ಖುಷಿಗೆ. ಆ ಖುಷಿಯನ್ನು ವರ್ಷಗಟ್ಟಲೆ ಹೀಯಾಳಿಸಿದವರು ಎರಡು ಪಾದಗಳ ಮೇಲೆ ಹೊರಗೆ ನಡೆದರು. ಅಂದಿನಿಂದ, ಓದುವುದರಿಂದ ಏನು ಲಾಭ ಎಂದು ಕೇಳುವವರೊಂದಿಗೆ ನಾನು ವಾದಿಸುವುದನ್ನು ನಿಲ್ಲಿಸಿದೆ. ಪುಟದಿಂದ ತಲೆ ಎತ್ತುವುದೂ ಇಲ್ಲ.